ರೀಲು ಒರೆಸಿಟ್ಟ ಕೈ

"ಮುಟ್ಟಬೇಡಿ! ಆ ಗುಂಡಿ ಒಂದನ್ನ ಮುಟ್ಟಬೇಡಿ!"

ರೀಲಕ್ಕ ಕೂಗಿಕೊಂಡ ರಭಸಕ್ಕೆ ಇನ್ಸ್‌ಪೆಕ್ಟರು ಕಾದ ಬಾಣಲೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಎಡಗೆನ್ನೆ ಊದಿಕೊಂಡು ಎರಡು ದಿನದಿಂದ ಹಲ್ಲುನೋವಿನಲ್ಲಿ ಒದ್ದಾಡುತ್ತಿದ್ದ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಏನಮ್ಮ, ಬಾಂಬಾ ಅದು?"

"ಬಾಂಬಾದ್ರೂ ವಾಸಿ. ನಿಮ್ಮ ಠಾಣೇಲಿ ಎಷ್ಟು ಜನ ಇದನ್ನ ತಿರುಗಿಸಿ ನೋಡಿದ್ರು?"

"ಒಬ್ಬರೂ ಇಲ್ಲ. ಕೆರೆ ದಂಡೇಲಿ ಸಿಕ್ಕಿದ ಹಾಗೇ ಚೀಲಕ್ಕೆ ಹಾಕಿ ಮೊಹರು ಒತ್ತಿದ್ದು. ಈಗ ನಿಮ್ಮೆದುರಿಗೇ ಒಡೆದೆನಲ್ಲ."

ನಾಲ್ಕು ದಿನದ ಹಿಂದೆ ಊರಾಚೆಯ ಸಿಹಿನೀರಿನ ಕೆರೆಯಲ್ಲಿ ಹೆಣವಾಗಿ ತೇಲಿದ ಲೆಕ್ಕದ ಮೇಷ್ಟ್ರ ರೀಲು ಅದು, ಗಾಳದ ದಾರ ಸುತ್ತಿಡುವ ಚಕ್ರ. ಅವರನ್ನು ಕೊಂದವನೆಂದು ಠಾಣೆಯ ಬೆಂಚಿನ ಮೇಲೆ ಕೂತಿದ್ದವನು ರೀಲಕ್ಕನ ಒಬ್ಬನೇ ತಮ್ಮ, ಮತ್ತು ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕಿತ್ತು.

ಗಡಿಯಾರದಲ್ಲಿ ಆಗಲೇ ಎರಡೂ ಕಾಲು.

ಗಾಳ ಹಾಕುವ ಹುಚ್ಚಿರುವವರೆಲ್ಲ ಹೊಸ್ತಿಲು ಸವೆಸಿದ ಅಂಗಡಿ ಅದು. ದೋಣಿಗಳು ನಿಲ್ಲುವ ಧಕ್ಕೆಯ ಹಿಂದಿನ ಗಲ್ಲಿಯಲ್ಲಿ, ಹತ್ತಡಿ ಅಗಲದ ಒಂದೇ ಕೋಣೆ, ಹಿಂದೊಂದು ಪುಟ್ಟ ಹಿತ್ತಲು. ಗೋಡೆಯ ತುಂಬ ಗಾಳದ ಕೋಲುಗಳು, ಮೇಜಿನ ಮೇಲೆ ಬಿಚ್ಚಿಟ್ಟ ರೀಲುಗಳು, ಡಬ್ಬಿಗಟ್ಟಲೆ ವಾಷರು, ಒಂದು ಟೇಬಲ್ ಫ್ಯಾನು. ಆ ಫ್ಯಾನು ಸೆಕೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದರಲ್ಲಿ ಮಾತ್ರ ಗಟ್ಟಿಗ. ಊರಿಗೆಲ್ಲ ರೀಲು ಬಿಚ್ಚಿ ಜೋಡಿಸುವವಳು ಇವಳೊಬ್ಬಳೇ. ಆದ್ದರಿಂದ ಆರೋಪಿಯ ಅಕ್ಕ ಎಂದು ಗೊತ್ತಿದ್ದೂ ಇನ್ಸ್‌ಪೆಕ್ಟರು ಇಲ್ಲಿಗೇ ಬಂದಿದ್ದರು, ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ.

ರೀಲಕ್ಕ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡಳು. "ಇದಕ್ಕೆ ಡ್ರ್ಯಾಗ್ ಅಂತಾರೆ. ಮೀನು ಕಚ್ಚಿ ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕು ಅಂತ ಈ ಗುಂಡಿ ತಿರುಗಿಸಿ ಹೊಂದಿಸ್ಕೋಬೇಕು. ಈಗ ದಾರ ಎಳೀರಿ."

ಇನ್ಸ್‌ಪೆಕ್ಟರು ಎಳೆದರು. ದಾರ ಸರಸರನೆ ಬಂದುಬಿಟ್ಟಿತು.

"ಪೂರ್ತಿ ಸಡಿಲ," ಎಂದಳು. "ಹೀಗಿಟ್ಕೊಂಡು ಗಾಳ ಹಾಕಿದ್ರೆ ಬೆರಳುದ್ದದ ಮೀನೂ ನಿಮ್ಮನ್ನ ನೋಡಿ ನಗುತ್ತೆ. ಮೇಷ್ಟ್ರು ಕೆರೇಲಿ ಗಾಳ ಹಾಕ್ತಿರಲಿಲ್ಲ."

"ಇನ್ನೂ ಶುರು ಮಾಡಿರಲಿಲ್ಲ ಅಂದ್ಕೊಳ್ಳಿ. ಮನೆಯಿಂದ ಹಾಗೇ ತಂದಿರಬಹುದಲ್ಲ?"

ಪ್ರಶ್ನೆ ಚೆನ್ನಾಗಿತ್ತು. ಹಲ್ಲು ನೋಯುತ್ತಿದ್ದರೂ ಮನುಷ್ಯನ ತಲೆ ಸರಿಯಾಗಿತ್ತು.

ರೀಲಕ್ಕ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಇನ್ಸ್‌ಪೆಕ್ಟರು ಮುಖ ಕಿವುಚಿದರು. ಅವಳು ದಾರವನ್ನು ಅವರತ್ತ ಚಾಚಿದಳು.

"ಉಪ್ಪು," ಎಂದರು ಅವರು, ಉಗುಳಲೂ ಆಗದೆ ನುಂಗಲೂ ಆಗದೆ.

"ಕೆರೇಲಿ ಉಪ್ಪು ಎಲ್ಲಿಂದ ಬಂತು? ಈ ದಾರ ಅವತ್ತು ಅಳಿವೇಲಿ ನೆನೆದಿದೆ. ನದಿ ಸಮುದ್ರ ಸೇರೋ ಕಡೆ. ಈಗ ಇಲ್ಲಿ ನೋಡಿ." ರೀಲಿನ ಮೈಮೇಲೆ ಬೆರಳಾಡಿಸಿದಳು. "ಮೈ ಮಾತ್ರ ಅಚ್ಚುಕಟ್ಟಾಗಿ ಒರೆಸಿದ್ದಾರೆ. ಒಂದು ಹರಳು ಉಪ್ಪಿಲ್ಲ. ಮೇಷ್ಟ್ರಾಗಿದ್ರೆ ದಾರವನ್ನೂ ಬಿಚ್ಚಿ ಸಿಹಿನೀರಲ್ಲಿ ಅದ್ದಿ ತೆಗೀತಿದ್ರು. ಲೆಕ್ಕದ ಮೇಷ್ಟ್ರು ಸ್ವಾಮಿ, ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದವರು. ಇದನ್ನ ಒರೆಸಿ, ಗುಂಡಿ ಸಡಿಲಿಸಿ, ಕೆರೆ ದಂಡೇಲಿ ಇಟ್ಟವರು ಬೇರೆ ಯಾರೋ."

"ಅಂದ್ರೆ ಕೊಲೆ ಆಗಿದ್ದು ಅಳಿವೆ ಕಡೆ."

"ಅಥವಾ ಇಲ್ಲೇ ಅಕ್ಕಪಕ್ಕ, ಗಾಳ ಮುಗಿಸಿ ಬಂದು ರೀಲು ತೊಳೆಯೋ ಮುಂಚೆ."

"ತಲೆಗೆ ಪೆಟ್ಟು ಬಿದ್ದು ಪ್ರಾಣ ಹೋದ ಮೇಲೇ ನೀರಿಗೆ ಬಿದ್ದಿದ್ದು ಅಂತ ಶವ ಪರೀಕ್ಷೆಯವರೂ ಬರೆದಿದ್ದಾರೆ." ಇನ್ಸ್‌ಪೆಕ್ಟರು ಕೆನ್ನೆ ಸವರಿಕೊಂಡರು. "ಆದ್ರೆ ಕೊಂದವನು ರೀಲು ಯಾಕೆ ಒರೆಸ್ತಾನೆ? ಬೆರಳಚ್ಚು ಅಳಿಸೋಕೆ?"

"ಬೆರಳಚ್ಚು ಅಳಿಸೋಕೆ ಡ್ರ್ಯಾಗ್ ಸಡಿಲಿಸಬೇಕಾಗಿಲ್ಲ. ಇದು ಅಭ್ಯಾಸಬಲ. ದಿನದ ಗಾಳ ಮುಗಿದ ಮೇಲೆ ಗುಂಡಿ ಸಡಿಲಿಸಿಡದಿದ್ರೆ ಒಳಗಿನ ವಾಷರು ಚಪ್ಪಟೆಯಾಗಿ ಹಾಳಾಗುತ್ತೆ. ನಾನು ಇಪ್ಪತ್ತು ವರ್ಷದಿಂದ ಇದನ್ನ ಬಡ್ಕೊಳ್ತಾ ಇದ್ದೀನಿ. ಕಿವಿಗೆ ಹಾಕ್ಕೊಂಡವರು ಮೂರೇ ಜನ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಇನ್ಸ್‌ಪೆಕ್ಟರು ಬಾಯಿ ತೆರೆಯುವಷ್ಟರಲ್ಲಿ ಬಣ್ಣದಂಗಡಿ ಸಾಹುಕಾರ ಪೇದೆಯನ್ನು ತಳ್ಳಿಕೊಂಡೇ ಒಳಗೆ ನುಗ್ಗಿದ. ಕೈಯಲ್ಲಿ ಊರಿಗೇ ದುಬಾರಿಯ ರೀಲು. ಹೋದ ತಿಂಗಳ ಗಾಳ ಸ್ಪರ್ಧೆಯಲ್ಲಿ ಇವನ ಮೀನು ಅಳತೆಗೆ ಸಾಲದೆಂದು ಮೇಷ್ಟ್ರು ತೆಗೆದುಹಾಕಿದ್ದರು. ಅವತ್ತಿನಿಂದ ಇವನು ಅವರ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದ.

"ರೀಲಕ್ಕಾ, ಮತ್ತೆ ಕಚ್ಕೊಂಡಿದೆ! ತಿರುಗ್ತಾನೇ ಇಲ್ಲ!"

ಇನ್ಸ್‌ಪೆಕ್ಟರ ಕಿವಿ ನೆಟ್ಟಗಾಯಿತು. ರೀಲಕ್ಕ ಅವರನ್ನು ಕಣ್ಣಲ್ಲೇ ತಡೆದು, ಸಾಹುಕಾರನ ಮುಖ ನೋಡಿದಳು.

"ಡ್ರ್ಯಾಗ್ ಸ್ವಲ್ಪ ಸಡಿಲ ಮಾಡಿ ಕೊಡಿ ಸಾಹುಕಾರ್ರೇ."

ಸಾಹುಕಾರ ಹಿಡಿಕೆ ತಿರುಗಿಸಿದ. ಆಮೇಲೆ ದಾರ ತಡೆಯುವ ತಂತಿಯ ಕಮಾನು ಎತ್ತಿದ. ಆಮೇಲೆ ರೀಲನ್ನೇ ತಲೆಕೆಳಗು ಮಾಡಿ ಅಲ್ಲಾಡಿಸಿದ. ಉಪ್ಪು, ಮರಳು, ಒಣಗಿದ ಸೀಗಡಿಯ ಒಂದು ಮೀಸೆ, ಎಲ್ಲವೂ ಮೇಜಿನ ಮೇಲೆ ಉದುರಿದವು.

"ಅದೆಲ್ಲ ನೀವೇ ನೋಡ್ಕೊಳ್ಳಿ. ನಾಳೆ ಬರ್ತೀನಿ," ಎಂದು ಬಂದ ದಾರಿಯಲ್ಲೇ ಹೊರಟುಹೋದ.

"ಇವನಲ್ಲ," ಎಂದಳು ರೀಲಕ್ಕ.

"ಒಪ್ಪಿದೆ. ಮೂರು ಜನ ಅಂದ್ರಲ್ಲ, ಹೇಳಿ."

ಹೇಳದೆ ವಿಧಿಯಿರಲಿಲ್ಲ. "ಒಬ್ಬರು ಮೇಷ್ಟ್ರು. ಇನ್ನೊಬ್ಬರು ಮೇಲಿನ ಬೀದಿ ಹಲ್ಲಿನ ಡಾಕ್ಟ್ರು."

"ಮೂರನೆಯವರು?"

ಫ್ಯಾನು ಎರಡು ಸಲ ಅತ್ತಿಂದಿತ್ತ ಕತ್ತು ತಿರುಗಿಸಿತು.

"ನನ್ನ ತಮ್ಮ."

ಇನ್ಸ್‌ಪೆಕ್ಟರು ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. "ನೀವೇ ತಂದು ಒಪ್ಪಿಸಿದ ಹಾಗಾಯ್ತಲ್ಲಮ್ಮ! ಮೇಷ್ಟ್ರು ಸಾಯೋ ಹಿಂದಿನ ಸಂಜೆ ಧಕ್ಕೇಲಿ ಅವರ ಜೊತೆ ಹತ್ತು ಜನರ ಮುಂದೆ ಜಗಳ ಆಡಿದ್ದಾನೆ. ಇವನ ದೋಣೀಲಿ ಹೋದ ಗಿರಾಕಿಗಳು ಮರಿ ಮೀನುಗಳನ್ನ ನೀರಿಗೆ ಬಿಡದೆ ಬುಟ್ಟಿಗೆ ಹಾಕ್ಕೊಂಡ್ರು ಅಂತ ಮೇಷ್ಟ್ರು ಅಳತೆ ಪಟ್ಟಿ ಇಟ್ಟು ಎಲ್ಲರೆದುರಿಗೆ ಮಾನ ಕಳೆದಿದ್ದಾರೆ. 'ನಿಮ್ಮನ್ನೇ ಒಂದಿನ ನೀರಿಗೆ ಬಿಡ್ತೀನಿ' ಅಂದಿದ್ದಾನೆ. ಮಾರನೇ ಬೆಳಿಗ್ಗೆ ಎಲ್ಲಿದ್ದೆ ಅಂದ್ರೆ, ಅಳಿವೇಲಿ ಒಬ್ಬನೇ ಸೀಗಡಿ ಹಿಡೀತಿದ್ದೆ ಅಂತಾನೆ. ನೋಡಿದವರು ಯಾರಪ್ಪಾ ಅಂದ್ರೆ ಸೀಗಡಿಗಳು!"

ರೀಲಕ್ಕ ಸ್ಕ್ರೂ ಡ್ರೈವರ್ ಎತ್ತಿಕೊಂಡಳು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಏಳು ವರ್ಷ, ಇವಳಿಗೆ ಹತ್ತೊಂಬತ್ತು. ತಲೆ ಬಾಚಿ ಶಾಲೆಗೆ ಕಳಿಸಿದವಳೂ ಇವಳೇ, ಜ್ವರ ಬಂದರೆ ಎದ್ದು ಕೂತವಳೂ ಇವಳೇ. ಮುಂಗೋಪಿ, ಬಾಯಿ ಜೋರು, ನಿಜ. ಆದರೆ ಅವನು ಕೊಲ್ಲುವವನಲ್ಲ ಎಂದು ಅವಳ ಪ್ರಾಣ ಹೇಳುತ್ತಿತ್ತು, ಮತ್ತು ಪ್ರಾಣದ ಮಾತನ್ನು ಯಾವ ಕೋರ್ಟೂ ಬರೆದುಕೊಳ್ಳುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ನಾಲ್ಕು ಸ್ಕ್ರೂ ಬಿಚ್ಚಿ ರೀಲಿನ ಹೊಟ್ಟೆ ತೆರೆದಳು. ಒಳಗೆ ಗ್ರೀಸು ಜೇನಿನ ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದಳು.

"ನೋಡಿ ಸಾರ್. ನೀರು ಹೊಕ್ಕ ಗ್ರೀಸು ಬೆಳ್ಳಗಾಗುತ್ತೆ, ಹಾಲು ಬೆರೆಸಿದ ಹಾಗೆ. ಇದು ಆಗಿಲ್ಲ. ನನ್ನ ತಮ್ಮ ರೀಲು ಒರೆಸೋನಲ್ಲ. ದೋಣಿ ತೊಳೆಯೋ ಪೈಪಲ್ಲೇ ಬುಸ್ ಅಂತ ನೀರು ಹೊಡೀತಾನೆ. ಎಷ್ಟು ಬೈದ್ರೂ ಬಿಟ್ಟಿಲ್ಲ. ಬೇಕಾದ್ರೆ ಅವನ ಆರು ರೀಲು ಬಿಚ್ಚಿ ತೋರಿಸ್ತೀನಿ, ಆರರಲ್ಲೂ ಹಾಲು. ಇದನ್ನ ಒದ್ದೆ ಬಟ್ಟೇಲಿ ಮಗು ಮುಖ ಒರೆಸೋ ಹಾಗೆ ಒರೆಸಿದ್ದಾರೆ."

"ಕೋರ್ಟಲ್ಲಿ ಗ್ರೀಸು ಬಂದು ಸಾಕ್ಷಿ ಹೇಳುತ್ತಾ?"

"ಡಾಕ್ಟ್ರು ಹೇಳ್ತಾರೆ. ನನ್ನ ಜೊತೆ ಬನ್ನಿ. ಹೇಗೂ ನಿಮಗೆ ಹಲ್ಲು ತೋರಿಸಬೇಕು."

ಇನ್ಸ್‌ಪೆಕ್ಟರ ಮುಖದ ಬಣ್ಣ ಇಳಿದುಹೋಯಿತು. ಎಂಥೆಂಥ ರೌಡಿಗಳ ಕೊರಳಪಟ್ಟಿ ಹಿಡಿದ ಮನುಷ್ಯ, ಹಲ್ಲಿನ ಡಾಕ್ಟರೆಂದರೆ ಎರಡು ದಿನದಿಂದ ಬೀದಿ ಬದಲಿಸಿ ಓಡಾಡುತ್ತಿದ್ದರು.

ಮೇಲಿನ ಬೀದಿಯ ಮಹಡಿಯ ದವಾಖಾನೆಯಲ್ಲಿ ಮಧ್ಯಾಹ್ನದ ಹೊತ್ತು ಬೇರೆ ರೋಗಿಗಳಿರಲಿಲ್ಲ. ಕಾಯುವ ಕೋಣೆಯಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ, ಲವಂಗದೆಣ್ಣೆಯ ವಾಸನೆ. ಗೋಡೆಯ ಮೇಲೆ ಹಲ್ಲಿನ ಚಿತ್ರಕ್ಕಿಂತ ಮೀನಿನ ಚಿತ್ರಗಳೇ ಹೆಚ್ಚು. ಒಂದರಲ್ಲಿ ಮೇಷ್ಟ್ರೂ ಡಾಕ್ಟರೂ ಒಂದು ದೊಡ್ಡ ಮೀನನ್ನು ತಲೆ ಬಾಲ ಹಿಡಿದು ನಗುತ್ತ ನಿಂತಿದ್ದರು.

ಇನ್ಸ್‌ಪೆಕ್ಟರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. "ಹತ್ತು ನಿಮಿಷ. ಆಮೇಲೆ ನಾನು ಒಳಗೆ ಬರ್ತೀನಿ."

ರೀಲಕ್ಕ ಒಬ್ಬಳೇ ಒಳಗೆ ಹೋದಳು, ಚೀಲದಲ್ಲಿ ತನ್ನದೇ ಒಂದು ಹಳೆಯ ರೀಲಿಟ್ಟುಕೊಂಡು. ಬರುವ ಮೊದಲು ಅದನ್ನು ಉಪ್ಪುನೀರಲ್ಲಿ ಅದ್ದಿ, ಡ್ರ್ಯಾಗನ್ನು ಕೈಲಾದಷ್ಟೂ ಬಿಗಿದಿದ್ದಳು.

ಡಾಕ್ಟರು ಅವಳನ್ನು ಕಂಡ ಕೂಡಲೇ ಎದ್ದು ನಿಂತರು. ಐವತ್ತೈದು ದಾಟಿದ ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹೆಂಡತಿ ಹೋಗಿ ಹನ್ನೆರಡು ವರ್ಷವಾಗಿತ್ತು. ಊರಲ್ಲಿ ಹಿರಿಯರು ಕಿರಿಯರು ಎಲ್ಲರ ಬಾಯಲ್ಲೂ ಅವಳು ರೀಲಕ್ಕ. ಇವರೊಬ್ಬರು ಮಾತ್ರ ಒಂದು ದಿನವೂ ಅವಳನ್ನು ಅಕ್ಕ ಎಂದಿರಲಿಲ್ಲ.

"ನೀವಾ? ಹಲ್ಲೇನಾದ್ರೂ..."

"ಹಲ್ಲು ಗಟ್ಟಿ ಇದೆ ಡಾಕ್ಟ್ರೇ. ಈ ರೀಲು ನೋಡಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನಗೇ ಗೊತ್ತಾಗ್ತಿಲ್ಲ. ಯಾಕೋ ಬಿಗಿ."

ಡಾಕ್ಟರು ರೀಲು ತೆಗೆದುಕೊಂಡು ಹಿಡಿಕೆ ತಿರುಗಿಸಿದರು, ಕಿವಿಗೆ ಹಿಡಿದು ಕೇಳಿದರು. "ತಮ್ಮನ ವಿಷಯ ಕೇಳಿದೆ. ವಕೀಲರು ಸಿಕ್ಕಿದ್ರಾ? ನನಗೆ ಗೊತ್ತಿರೋರೊಬ್ಬರು..."

"ಸಿಕ್ಕಿದ್ದಾರೆ. ಮೇಷ್ಟ್ರು ನಿಮಗೆ ತುಂಬ ಹಳೇ ಗೆಳೆಯರಲ್ವಾ?"

"ಮೂವತ್ತು ವರ್ಷ. ಒಳ್ಳೇ ಮನುಷ್ಯ. ಬಾಯಿ ಒಂದು ಸ್ವಲ್ಪ..."

ಮಾತಾಡುತ್ತಲೇ ಡಾಕ್ಟರು ಹತ್ತಿಯ ತುಂಡೊಂದನ್ನು ಒದ್ದೆ ಮಾಡಿಕೊಂಡರು. ರೀಲಿನ ಮೈ, ಹಿಡಿಕೆ, ಕಮಾನಿನ ಸಂದು, ಎಲ್ಲ ಕಡೆ ಒತ್ತದೆ, ಉಜ್ಜದೆ ಒರೆಸಿದರು. ಆಮೇಲೆ ಒಣ ಬಟ್ಟೆ. ಅದನ್ನು ತಟ್ಟೆಯ ಮೇಲೆ ಇಡುವ ಮುನ್ನ ಅವರ ಬೆರಳುಗಳು ಮುಂದಿನ ಗುಂಡಿಗೆ ಹೋಗಿ, ಒಂದು, ಎರಡು, ಮೂರು ಸುತ್ತು ಹಿಂದಕ್ಕೆ ತಿರುಗಿಸಿದವು. ಅವರ ಕಣ್ಣು ಅಷ್ಟು ಹೊತ್ತೂ ರೀಲಕ್ಕನ ಮುಖದ ಮೇಲೇ ಇತ್ತು.

ಅವಳಿಗೆ ಬೇಕಾದದ್ದು ಸಿಕ್ಕಿತ್ತು, ಆದರೂ ಖುಷಿಯಾಗಲಿಲ್ಲ.

"ಮೇಷ್ಟ್ರ ರೀಲನ್ನೂ ಹೀಗೇ ಒರೆಸಿದ್ರಾ ಡಾಕ್ಟ್ರೇ?"

ಡಾಕ್ಟರು ತಟ್ಟೆಯ ಮೇಲಿನ ರೀಲನ್ನು ನೋಡಿದರು. ತಮ್ಮ ಬೆರಳುಗಳನ್ನು ನೋಡಿಕೊಂಡರು. ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಒರೆಸಿದ್ದೇ ನನಗೆ ಗೊತ್ತಾಗಿಲ್ಲ," ಎಂದರು. "ನಿಜ ಹೇಳ್ತೀನಿ. ಈಗ ನೀವು ಹೇಳಿದ ಮೇಲೆ ಗೊತ್ತಾಗ್ತಿದೆ. ಅವರು ಅಲ್ಲಿ ಬಿದ್ದಿದ್ರು. ಪಕ್ಕದಲ್ಲಿ ರೀಲು ಉಪ್ಪಾಗಿ ಬಿದ್ದಿತ್ತು. ತಲೆ ಓಡ್ತಿರಲಿಲ್ಲ. ಕೈಯಲ್ಲಿ ಕರವಸ್ತ್ರ ಇತ್ತು..."

"ಯಾಕೆ ಕೊಂದ್ರಿ?" ಅವಳ ದನಿ ಏರಿತು. "ಗೆಳೆಯ ಅಂತೀರಿ! ಕೊಂದು, ಕೆರೆಗೆ ಹಾಕಿ, ನನ್ನ ತಮ್ಮ ಜೈಲಿಗೆ ಹೋಗ್ತಿದ್ರೂ ಇಲ್ಲಿ ಕೂತು ಊರವರ ಹಲ್ಲು ತಿಕ್ಕುತ್ತಾ ಇದ್ದೀರಲ್ಲ!"

"ನಾನು ಕೊಂದಿಲ್ಲ."

"ಮತ್ತೆ ಯಾರು?"

ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವೇ ಅಂತ ಅಂದ್ಕೊಂಡಿದ್ದೆ."

ರೀಲಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಡಾಕ್ಟರು ಮುಂದುವರಿಸಿದರು.

"ಅವತ್ತು ಬೆಳಿಗ್ಗೆ ಆರೂವರೆಗೆ ಅಳಿವೆಗೆ ಹೊರಟಿದ್ದೆ, ನಿಮ್ಮ ಅಂಗಡಿ ಹಿಂದಿನ ಗಲ್ಲೀಲಿ. ಹಿತ್ತಲ ಗೇಟಿಗೆ ಬೀಗ ಹಾಕಿತ್ತು, ಬೀಗದಕೈ ಅದರಲ್ಲೇ ನೇತಾಡ್ತಿತ್ತು. ಮರೆತಿದ್ದೀರಿ, ತೆಗೆದಿಟ್ಟು ಆಮೇಲೆ ಕೊಡೋಣ ಅಂತ ಕಾರು ನಿಲ್ಲಿಸಿದೆ. ಒಳಗೇನಾದ್ರೂ ಇದ್ದೀರೇನೋ ಅಂತ ಗೇಟು ತೆರೆದೆ. ರೀಲು ತೊಳೆಯೋ ತೊಟ್ಟಿ ಪಕ್ಕ ಮೇಷ್ಟ್ರು ಬಿದ್ದಿದ್ರು. ತಲೆ ಹಿಂದೆ... ನಾಡಿ ನೋಡಿದೆ. ಇರಲಿಲ್ಲ."

"ನನ್ನ ಹಿತ್ತಲಲ್ಲಾ?"

"ಹಿಂದಿನ ಸಂಜೆ ಮೇಷ್ಟ್ರು ನನಗೆ ಹೇಳಿದ್ರು, ಬೆಳಿಗ್ಗೆ ನಿಮ್ಮ ಹತ್ರ ಹೋಗ್ತೀನಿ, ಮುಖಾಮುಖಿ ಹೇಳಬೇಕಾದ ವಿಷಯ ಇದೆ, ಕೇಳಿದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ ಅಂತ. ಏನು ಅಂತ ಹೇಳಲಿಲ್ಲ. ನಿಮ್ಮ ಹಿತ್ತಲು, ನಿಮ್ಮ ಬೀಗ. ನಾನು ಇನ್ನೇನು ಅಂದ್ಕೊಳ್ಳಲಿ?" ಅವರು ಒಣ ಬಟ್ಟೆಯನ್ನು ಮಡಿಸಿಟ್ಟರು. "ಅಳಿವೆಗೆ ಹಾಕಿದ್ರೆ ಇಳಿತಕ್ಕೆ ಸಿಕ್ಕಿ ಸಮುದ್ರ ಸೇರ್ತಿದ್ರು. ಮನೆಯವರಿಗೆ ದೇಹವಾದ್ರೂ ಸಿಗಲಿ ಅಂತ ಕೆರೆಗೆ ಒಯ್ದೆ. ಮೂವತ್ತು ವರ್ಷದ ಗೆಳೆಯನ್ನ, ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು. ತೊಟ್ಟಿ ಪಕ್ಕದ ನೆಲ ತೊಳೆದು, ಗೇಟಿಗೆ ಬೀಗ ಹಾಕಿದ್ದೂ ನಾನೇ. ನಿಮ್ಮನ್ನ ಯಾರೂ ಕೇಳಬಾರದು ಅಂತ ಅಷ್ಟೇ."

"ನಾನು ಅವತ್ತು ಒಂಬತ್ತಕ್ಕೇ ಅಂಗಡಿಗೆ ಬಂದಿದ್ದು. ಮನೇಲಿದ್ದೆ. ಮೇಷ್ಟ್ರು ಬರ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸುಳ್ಳು ಹೇಳುತ್ತಿದ್ದಾರೆಯೇ ಎಂದು ಇಬ್ಬರಿಗೂ ಸಂಶಯ. ನಾಲ್ಕು ದಿನ ಅವಳನ್ನು ಕೊಲೆಗಾತಿ ಎಂದುಕೊಂಡೇ ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದ ಎಂಬುದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

ಡಾಕ್ಟರು ಎದ್ದು ಸಲಕರಣೆಗಳ ಬೀರುವಿನ ಕೆಳಗಿನ ಡ್ರಾಯರ್ ಎಳೆದರು. ಬಟ್ಟೆಯ ಒಂದು ಗಂಟು ತೆಗೆದು ಅವಳ ಅಂಗೈಗೆ ಇಟ್ಟರು. "ಬಿಸಾಡೋಕೆ ಧೈರ್ಯ ಬರಲಿಲ್ಲ. ತಗೊಳ್ಳಿ, ನಿಮ್ಮದೇ."

ಗಂಟು ಬಿಚ್ಚಿದಳು. ಹಿತ್ತಲ ಗೇಟಿನ ಬೀಗದಕೈ. ಅದಕ್ಕೊಂದು ಬಿರಡೆಯ ತುಂಡು ಕಟ್ಟಿತ್ತು.

ಅವಳ ಇನ್ನೊಂದು ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ದಾರವಿತ್ತು. ದಾರದ ತುದಿಯಲ್ಲಿ, ಎಂದಿನಂತೆ, ಅವಳ ಬೀಗದಕೈಯೂ ಇತ್ತು.

ಆ ಬೀಗಕ್ಕೆ ಇದ್ದದ್ದು ಎರಡೇ ಬೀಗದಕೈ. ಎರಡನೆಯದನ್ನು ಅವಳೇ ತಮ್ಮನಿಗೆ ಕೊಟ್ಟಿದ್ದಳು. ದೋಣಿಯಿಂದ ನೀರಿಗೆ ಬಿದ್ದರೆ ತೇಲಲಿ ಎಂದು ಬಿರಡೆ ಕಟ್ಟಿದವಳೂ ಅವಳೇ.

ಡಾಕ್ಟರು ಅವಳ ಕೊರಳ ದಾರ ನೋಡಿದರು, ಅಂಗೈಯ ಬಿರಡೆ ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅವನದ್ದಾ?" ಎಂದರು ಪಿಸುದನಿಯಲ್ಲಿ.

ಬೀಗದಕೈಯ ಸುತ್ತ ಅವಳ ಮುಷ್ಟಿ ಬಿಗಿಯಾಯಿತು.

ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಳ್ಳುತ್ತಲೇ ಒಳಗೆ ಬಂದರು. "ಹತ್ತಲ್ಲ, ಹದಿನೈದು ನಿಮಿಷ ಆಯ್ತು. ಏನಮ್ಮ, ಏನಂದ್ರು ಡಾಕ್ಟ್ರು? ನನಗೆ ಕೋರ್ಟಿಗೆ ಹೊತ್ತಾಗುತ್ತೆ."

ರೀಲಕ್ಕ ಬಾಯಿ ತೆರೆದಳು. ಅದಕ್ಕಿಂತ ಮೊದಲೇ ಡಾಕ್ಟರು ಅವಳಿಗೂ ಇನ್ಸ್‌ಪೆಕ್ಟರಿಗೂ ನಡುವೆ ಬಂದು ನಿಂತು, ಬಿಳಿ ಅಂಗಿಯ ತೋಳು ಮೇಲೆ ಸರಿಸಿ ಎರಡೂ ಕೈ ಮುಂದೆ ಚಾಚಿದರು.

"ಆ ಹುಡುಗನ್ನ ಬಿಟ್ಟುಬಿಡಿ ಇನ್ಸ್‌ಪೆಕ್ಟ್ರೇ. ಮೇಷ್ಟ್ರನ್ನ ಕೊಂದಿದ್ದು ನಾನು. ಕೆರೆಗೆ ಹಾಕಿದ್ದೂ ನಾನೇ. ಕಾರಿನ ಸೀಟಲ್ಲಿ ರಕ್ತದ ಕಲೆ ಇನ್ನೂ ಇದೆ, ನೋಡ್ಕೊಳ್ಳಿ."

ಇನ್ಸ್‌ಪೆಕ್ಟರು ಕೆನ್ನೆಯ ಮೇಲಿನ ಕೈ ತೆಗೆದರು. ಡಾಕ್ಟರ ಭುಜದಾಚೆ ರೀಲಕ್ಕನನ್ನು ನೆಟ್ಟ ನೋಟದಲ್ಲಿ ನೋಡಿದರು.

"ಹೌದೇನಮ್ಮ? ನಿಮ್ಮ ಹತ್ರಾನೂ ಹೀಗೇ ಒಪ್ಕೊಂಡ್ರಾ?"

ಬೀಗದಕೈಯ ಹಲ್ಲು ಅವಳ ಅಂಗೈಗೆ ನೆಟ್ಟಿತ್ತು. 'ಹೌದು' ಎಂದರೆ ತಮ್ಮ ಇವತ್ತೇ ಮನೆಗೆ ಬರುತ್ತಾನೆ.

"ಕೇಳಿಸ್ತಾ? ಹೌದಾ, ಅಲ್ವಾ?"